ಒಂಬತ್ತು ಲೀಟರ್ ನೀರಿನ ಲೆಕ್ಕ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಊರುಗಳಿಂದ ಬಂದು ಇಂದು ಪದವಿ ಪಡೆಯುತ್ತಿರುವ ಪ್ರೀತಿಯ ಮಕ್ಕಳೇ,

ಬೋರ್‌ವೆಲ್ ಎಷ್ಟು ಅಡಿಗೆ ಇಳಿಯಿತು ಎಂದು ಮನೆಮನೆಯಲ್ಲೂ ಮಾತಾಡುವ ಸೀಮೆ ಇದು. ಇಲ್ಲಿ ನಿಂತು ನೀರನ್ನು ಒಡೆದು ಇಂಧನ ತೆಗೆಯುವ ವಿಷಯ ಎತ್ತಿದರೆ ನೀವು ಮೊದಲು ನೀರಿನ ಲೆಕ್ಕ ಕೇಳಬೇಕು. ಹೇಳುತ್ತೇನೆ. ಒಂದು ಕಿಲೋ ಜಲಜನಕಕ್ಕೆ ರಸಾಯನಶಾಸ್ತ್ರದ ಪ್ರಕಾರ 9 ಲೀಟರ್ ನೀರು. ಅದರ ಶಕ್ತಿ ಹತ್ತಿರಹತ್ತಿರ ಮೂರು ಕಿಲೋ ಪೆಟ್ರೋಲಿನಷ್ಟು. ನೀರು ಶುದ್ಧಮಾಡಲು, ಯಂತ್ರ ತಣಿಸಲು ಇನ್ನೂ ಬೇಕಾಗುತ್ತದೆ. ಆದರೂ ಈ ಕೆಲಸದಲ್ಲಿ ನೀರಿಗಿಂತ ಕಷ್ಟದ್ದು ಕಾವು.

ಬರೀ ಕಾಯಿಸಿಯೇ ನೀರನ್ನು ಒಡೆಯಲು ಹೊರಟರೆ 2000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆ ಕೆಲಸವನ್ನು ಹಂತಹಂತವಾಗಿ, ಕಡಿಮೆ ಕಾವಿನಲ್ಲಿ ಮಾಡಿಸುವುದೇ ಉಷ್ಣರಾಸಾಯನಿಕ ಚಕ್ರ. 1970ರ ದಶಕದಲ್ಲಿ ಅಮೆರಿಕದ ಜನರಲ್ ಅಟಾಮಿಕ್ಸ್ ರೂಪಿಸಿದ ಚಕ್ರದಲ್ಲಿ ಅಯೋಡಿನ್ ಮತ್ತು ಗಂಧಕದ ಡೈಆಕ್ಸೈಡ್ ನೀರಿನೊಡನೆ ಸೇರಿ ಎರಡು ಆಮ್ಲಗಳಾಗುತ್ತವೆ. ಒಂದನ್ನು ಸುಮಾರು 450 ಡಿಗ್ರಿಯಲ್ಲಿ ಒಡೆದರೆ ಜಲಜನಕ; ಇನ್ನೊಂದನ್ನು, ಅಂದರೆ ಗಂಧಕಾಮ್ಲವನ್ನು, ಸುಮಾರು 850 ಡಿಗ್ರಿಯಲ್ಲಿ ಒಡೆದರೆ ಆಮ್ಲಜನಕ. ಅಯೋಡಿನ್ನೂ ಗಂಧಕದ ಡೈಆಕ್ಸೈಡೂ ಮರಳಿ ಕೈಗೆ ಬರುತ್ತವೆ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೂ ಇದರ ಮೇಲೆ ದುಡಿದಿದೆ. ಸಮೀಕರಣ ಎಂದೋ ಸಿದ್ಧವಾಗಿದೆ; ಆ ಕಾವಿನಲ್ಲಿ ಆಮ್ಲದ ಹಬೆಯನ್ನು ವರ್ಷಗಟ್ಟಲೆ ತಾಳುವ ಅಗ್ಗದ ಕೊಳವೆ ಇನ್ನೂ ಸಿದ್ಧವಾಗಿಲ್ಲ.

ನನಗೆ ಬಹಳ ಮೆಚ್ಚುಗೆಯಾದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದ ಕೆಲಸ. ಮ್ಯಾಂಗನೀಸ್ ಆಕ್ಸೈಡನ್ನೂ ಬಟ್ಟೆ ಒಗೆಯುವ ಸೋಡಾವನ್ನೂ ಬಳಸಿ 850 ಡಿಗ್ರಿಯಲ್ಲಿ ನಡೆಯುವ ಒಂದು ಚಕ್ರವನ್ನು 2012ರಲ್ಲಿ ಕ್ಯಾಲ್ಟೆಕ್ ತಂಡ ಪ್ರಕಟಿಸಿತ್ತು. ನೆಹರು ಕೇಂದ್ರದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರೂ ಅವರ ಸಂಗಡಿಗರೂ ಅದೇ ಪದಾರ್ಥವನ್ನು ನ್ಯಾನೋ ಕಣಗಳಾಗಿಸಿ ಬಳಸಿದರು. ಬೇಕಾದ ಕಾವು ಕೆಳಗಿಳಿಯಿತು. ಅರಿಶಿನ ಬೇಯಿಸುವಾಗ ದಪ್ಪ ಗೆಡ್ಡೆಯನ್ನೂ ಸಣ್ಣ ಕೊಂಬನ್ನೂ ನಿಮ್ಮ ಮನೆಯವರು ಒಟ್ಟಿಗೆ ಕೊಪ್ಪರಿಗೆಗೆ ಸುರಿಯುವುದಿಲ್ಲ, ಸಣ್ಣದು ಬೇಗ ಬೇಯುತ್ತದೆ. ಗಾತ್ರಕ್ಕೂ ಕಾವಿಗೂ ಇರುವ ನಂಟು ನಿಮಗೆ ಹೊಸದಲ್ಲ. ಇಂಥ ಸಂಶೋಧನೆ ದೊಡ್ಡ ಊರಿನವರಿಗೆ ಮಾತ್ರ ಎಂದು ದಯವಿಟ್ಟು ಹಿಂಜರಿಯಬೇಡಿ.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಒಂಬತ್ತರಿಂದ ಗುಣಿಸಿ ನೋಡಿ: ಸುಮಾರು 1.6 ಟಿಎಂಸಿ ನೀರು. ನಮ್ಮ ಕೆರೆಗಳಿಗೆ ನೀರು ಕೊಡುವ ಕಬಿನಿ ಜಲಾಶಯದ ಸಾಮರ್ಥ್ಯವೇ 19.52 ಟಿಎಂಸಿ. ದೇಶಕ್ಕೆ ಆ 1.6 ಟಿಎಂಸಿ ದೊಡ್ಡ ಮೊತ್ತವಲ್ಲ. ಒಂದು ತಾಲ್ಲೂಕಿಗೆ ಬಹಳ ದೊಡ್ಡದು. ಇಂಥ ಚಕ್ರದಿಂದ ಜಲಜನಕ ತೆಗೆಯುವ ಘಟಕವೊಂದು ನಾಳೆ ಇಲ್ಲಿಗೆ ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವವರು ನೀವಾಗಿರಬೇಕು: ನೀರು ಯಾವ ಕೆರೆಯದು, ಕಾವು ಎಲ್ಲಿಯದು, ಕೊಳವೆ ಒಡೆದರೆ ಆಮ್ಲ ಎತ್ತ ಹರಿಯುತ್ತದೆ, ಕೆಲಸ ಯಾರಿಗೆ?