ಪವಿತ್ರ ಗ್ರಂಥವೂ ನಮ್ಮ ಜೂಬಿಲಿಯೂ



ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮವನ್ನು ನಾವೆಲ್ಲರೂ ಜೂಬಿಲಿಯೆಂದೇ ಕರೆಯುತ್ತಿದ್ದೇವೆ. ದೇವಾಲಯಕ್ಕೆ ಸುಣ್ಣಬಣ್ಣವಾಯಿತು, ಚಪ್ಪರವೆದ್ದಿತು. ಆದರೆ ಜೂಬಿಲಿಯೆಂಬ ಪದವು ನಮಗೆ ಬಂದುದು ಪವಿತ್ರ ಗ್ರಂಥದಿಂದ. ಅಲ್ಲಿ ಅದರ ಅರ್ಥ ತೋರಣ ಮೆರವಣಿಗೆಗಳಲ್ಲ.

ಯಾಜಕಕಾಂಡದ 25ನೆಯ ಅಧ್ಯಾಯವನ್ನು ನೋಡೋಣ. ಏಳೇಳು ವರ್ಷಗಳು, ಅಂದರೆ 49 ವರ್ಷಗಳು ಕಳೆದ ಮೇಲೆ, ಏಳನೆಯ ತಿಂಗಳ ಹತ್ತನೆಯ ದಿನ ನಾಡಿನಾದ್ಯಂತ ಕೊಂಬೂದಬೇಕು. ಅದು ದೋಷಪರಿಹಾರದ ದಿನವೆಂಬುದು ಗಮನಾರ್ಹ. 50ನೆಯ ವರ್ಷದಲ್ಲಿ, ಬಡತನದಿಂದ ಹೊಲ ಮಾರಿದವನಿಗೆ ಹೊಲ ಮರಳಬೇಕು; ತನ್ನನ್ನೇ ಮಾರಿಕೊಂಡು ದುಡಿಯುತ್ತಿದ್ದ ಸ್ವಜನನು ಮಕ್ಕಳೊಡನೆ ಮನೆಗೆ ಮರಳಬೇಕು. ಇದು ಬರಿಯ ಸದ್ಭಾವನೆಯ ಮಾತಲ್ಲ, ಲೆಕ್ಕಾಚಾರವೂ ಉಂಟು. ಮುಂದಿನ ಜೂಬಿಲಿಗೆ ಎಷ್ಟು ಬೆಳೆಗಳು ಉಳಿದಿವೆಯೋ ಅಷ್ಟಕ್ಕೇ ಬೆಲೆ ಕಟ್ಟಬೇಕು. ಕೊಂಡವನು ಕೊಳ್ಳುತ್ತಿದ್ದುದು ಬೆಳೆಯನ್ನೇ ಹೊರತು ಭೂಮಿಯನ್ನಲ್ಲ. ಭೂಮಿ ದೇವರದು, ಮನುಷ್ಯನು ಅಲ್ಲಿ ತಂಗಿಹೋಗುವವನು ಎಂಬುದೇ ಅದಕ್ಕೆ ಕೊಟ್ಟ ಕಾರಣ. (ಕೋಟೆಯೂರಿನ ಮನೆಗೆ ಮಾತ್ರ ನಿಯಮ ಬೇರೆ, ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನದೇ. ಅನ್ನ ಕೊಡುವ ಹೊಲವನ್ನೇ ಶಾಸ್ತ್ರವು ಹೆಚ್ಚಾಗಿ ಕಾಯುತ್ತದೆಂದು ನಮಗೆ ತೋರುತ್ತದೆ.)

ನಜರೇತಿನ ಪ್ರಾರ್ಥನಾಮಂದಿರದಲ್ಲಿ ಪ್ರಭು ಯೇಸು ಯೆಶಾಯನ ಸುರುಳಿಯನ್ನು ಬಿಚ್ಚಿ ಓದಿದುದು ಇಂತಹ ಬಿಡುಗಡೆಯ ವರ್ಷವನ್ನು ಕುರಿತೇ. ಪವಿತ್ರ ಸಭೆಯಲ್ಲಿ ಎಂಟನೆಯ ಬೋನಿಫಾಸ್ ಜಗದ್ಗುರುಗಳು 1300ರಲ್ಲಿ ಮೊದಲ ಜೂಬಿಲಿಯನ್ನು ಸಾರಿದರು. 2000ದ ಮಹಾಜೂಬಿಲಿಗೆ ಸಿದ್ಧತೆಯಾಗಿ 1994ರಲ್ಲಿ ಬರೆದ ಪತ್ರದಲ್ಲಿ ಎರಡನೆಯ ಜಾನ್ ಪಾಲರು ಬಡರಾಷ್ಟ್ರಗಳ ಸಾಲದ ಹೊರೆಯನ್ನು ಇಳಿಸುವ ಪ್ರಶ್ನೆಯನ್ನೆತ್ತಿದರು.

ಹಾಗಾದರೆ ನಮ್ಮ ನೂರು ವರ್ಷಗಳಲ್ಲಿ ಎರಡು ಜೂಬಿಲಿಗಳು ಸಂದಿವೆ. ಏನು ಮರಳಿತು? ಯಾರಿಗೆ ಮರಳಿತು?

ಗದ್ದೆಯ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿದ್ದಾರೆ. ಒಬ್ಬರು ಎಡಬಾಗಿಲಿನಿಂದ, ಇನ್ನೊಬ್ಬರು ಬಲಬಾಗಿಲಿನಿಂದ ಬಂದು ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಳ್ಳಬೇಕೆಂಬ ಮತ್ತಾಯನ ಐದನೆಯ ಅಧ್ಯಾಯವನ್ನು ಇಬ್ಬರೂ ಕೇಳಿದ್ದಾರೆ. ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬ ಧರ್ಮೋಪದೇಶಕಾಂಡದ ವಿಧಿಯೂ ನಮಗೆ ಹೊಸದಲ್ಲ. ಆದರೂ ‘ಶನಿವಾರ ಬಾ’ ಎನ್ನುವುದು ನಮಗೆ ರೂಢಿಯಾಗಿದೆ.

ಇನ್ನು ಹೆಣ್ಣುಮಕ್ಕಳ ಪಾಲಿನ ವಿಚಾರ. ತಂದೆ ಉಯಿಲು ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಮಗನಿಗೂ ಮಗಳಿಗೂ ಸಮಪಾಲು ಕೊಡುತ್ತದೆ. ಕಾಯಿದೆ ಕೊಟ್ಟುದನ್ನು ನಾವು, ‘ಮದುವೆಗೆ ಬೇಕಾದಷ್ಟು ಖರ್ಚಾಗಿದೆ’ ಎಂದು ಹೇಳಿ, ಒಂದು ರುಜುವಿನಲ್ಲಿ ಹಿಂದಕ್ಕೆ ಪಡೆಯುತ್ತೇವೆ.

ಈ ಮಾತನ್ನಾಡುವ ನಾವು ಇದಕ್ಕೆ ಹೊರತಲ್ಲ. ನಮ್ಮ ಮನೆಯ ಪೆಟ್ಟಿಗೆಯಲ್ಲಿಯೂ, ಸೋದರತ್ತೆಯವರ ಹೆಬ್ಬೆಟ್ಟು ಒತ್ತಿಸಿಕೊಂಡ ಹಕ್ಕು ಬಿಡುಗಡೆ ಪತ್ರವೊಂದಿದೆ. ಅವರಿಗೆ ಓದು ಬಾರದು. ಓದಿ ಹೇಳಿದವರೂ ಇಲ್ಲ. ಅವರು ಇನ್ನೂ ಬದುಕಿದ್ದಾರೆ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಹಬ್ಬದ ನವದಿನದ ಪ್ರಾರ್ಥನೆ ಇಂದು ಸಂಜೆ ಆರಂಭವಾಗುತ್ತದೆ. ಅದರ ಮೂರನೆಯ ದಿನ ಆ ಪತ್ರದೊಡನೆ ಅವರ ಮನೆಗೆ ಹೋಗಿ, ಅವರ ಪಾಲಿನ ಮಾತನ್ನಾಡುವುದೆಂದು ಮನೆಯವರೆಲ್ಲರೂ ಕೂಡಿ ನಿಶ್ಚಯಿಸಿದ್ದೇವೆ.