ಒಂದರಲ್ಲಿ ಅರಿತದ್ದು ಮತ್ತೊಂದರಲ್ಲಿ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಸಂಭ್ರಮದ ಈ ದಿನ ಗಣಿತವನ್ನು ಎತ್ತಿಕೊಂಡಿದ್ದಕ್ಕೆ ಕ್ಷಮೆಯಿರಲಿ. ಹತ್ತನೆಯ ತರಗತಿಯ ಒಂದು ಲೆಕ್ಕ ನನಗೇ ಕಲಿಸಿದ ಪಾಠವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಒಂದು ಲೆಕ್ಕವಿದೆ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣುಗಳ ಒಟ್ಟು ಬೆಲೆ 107. 7 ಮಾದಲ ಮತ್ತು 9 ಬೇಲದ ಹಣ್ಣುಗಳಿಗೆ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು?

ಇದನ್ನು ನಾವು ತರಗತಿಯಲ್ಲಿ ಆದೇಶ ವಿಧಾನದಿಂದ ಬಿಡಿಸುತ್ತೇವೆ. ಮಾದಲದ ಬೆಲೆ ‘ಮ’, ಬೇಲದ ಬೆಲೆ ‘ಬ’ ಎಂದಿಟ್ಟುಕೊಂಡರೆ,

9ಮ + 7ಬ = 107
7ಮ + 9ಬ = 101

ಮೊದಲನೆಯದರಿಂದ ಮ = (107 − 7ಬ) ÷ 9. ಎರಡನೆಯದರಲ್ಲಿ ‘ಮ’ ಇದ್ದ ಕಡೆ ಇದನ್ನು ಇಟ್ಟು, ಎರಡೂ ಬದಿಯನ್ನು 9ರಿಂದ ಗುಣಿಸಿದರೆ 749 − 49ಬ + 81ಬ = 909. ಅಂದರೆ 32ಬ = 160; ಬ = 5, ಮ = 8.

ಹಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಈ ಲೆಕ್ಕ ಮಾಡಿ, ‘107 = 107’ ಎಂದು ಬರೆದು ತಂದಳು. ನಾನು ಅಡ್ಡಗೀಟು ಎಳೆದು ಕಳುಹಿಸಿದೆ. ಅವಳು ಹೋಗದೆ ನಿಂತು, “ಟೀಚರ್, ಇದರಲ್ಲಿ ಸುಳ್ಳೇನಿದೆ?” ಎಂದು ಕೇಳಿದಳು. ಸುಳ್ಳೇನೂ ಇರಲಿಲ್ಲ. ಮೊದಲನೆಯ ಸಮೀಕರಣದಿಂದ ಪಡೆದದ್ದನ್ನು ಅವಳು ಮತ್ತೆ ಮೊದಲನೆಯದರಲ್ಲೇ ಇಟ್ಟಿದ್ದಳು. ಬಂದದ್ದು ಸತ್ಯವೇ, ಆದರೆ ಹೊಸದೇನೂ ತಿಳಿಯಲಿಲ್ಲ. ಒಂದರಲ್ಲಿ ಅರಿತದ್ದನ್ನು ಮತ್ತೊಂದರಲ್ಲಿ ಇಟ್ಟಾಗ ಮಾತ್ರ ಉತ್ತರ ದೊರೆಯುತ್ತದೆ. ಹಂತಗಳನ್ನು ಬಾಯಿಪಾಠ ಮಾಡಿಸಿದ್ದ ನಾನು ಈ ಕಾರಣವನ್ನು ಅದುವರೆಗೆ ಹೇಳಿಯೇ ಇರಲಿಲ್ಲ. ತಪ್ಪು ಅವಳದಲ್ಲ, ನನ್ನದು.

ಪಾಲಕರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಮೇಡಂ, ಕನ್ನಡದಲ್ಲಿ ಓದಿದ ಮಗು ಮುಂದೆ ಕಾಲೇಜಿನಲ್ಲಿ ಏನು ಮಾಡೀತು?” ಆತಂಕ ಸಹಜವಾದದ್ದೇ. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್ ತಾಲ್ಲೂಕು 1956ರಲ್ಲಿ ಆಂಧ್ರಪ್ರದೇಶದ ಮೆಹಬೂಬ್‌ನಗರ ಜಿಲ್ಲೆಗೆ ಸೇರಿತು; 2014ರಲ್ಲಿ ತೆಲಂಗಾಣವಾಯಿತು. ಅಂದಿನಿಂದ ನಮ್ಮ ಮಕ್ಕಳು ಹತ್ತರ ನಂತರ ತೆಲುಗಿಗೋ ಇಂಗ್ಲಿಷಿಗೋ ದಾಟಲೇಬೇಕಾಗಿದೆ. ಅಲ್ಲಿ ‘ಆದೇಶ ವಿಧಾನ’ ಎಂದರೆ ಯಾರಿಗೂ ತಿಳಿಯದು. ತೆಲುಗಿನಲ್ಲಿ ಅದು ‘ಪ್ರತಿಕ್ಷೇಪಣ ಪದ್ಧತಿ’. ಹೆಸರನ್ನಷ್ಟೇ ಕಲಿತ ಮಗು ಅಲ್ಲಿ ಎಡವುತ್ತದೆ. ಕಾರಣವನ್ನು ಅರಿತ ಮಗು ಹೊಸ ಹೆಸರನ್ನು ಒಂದು ವಾರದಲ್ಲಿ ಕಲಿಯುತ್ತದೆ. ಕಾರಣವನ್ನು ಕೇಳುವ ಧೈರ್ಯ ಮಗುವಿಗೆ ಬರುವುದು ಮನೆಮಾತಿನಲ್ಲಿ. ಅಂದು ಆ ಹುಡುಗಿ ನನ್ನನ್ನು ಪ್ರಶ್ನಿಸಿದ್ದೂ ಕನ್ನಡದಲ್ಲಿಯೇ.

ಮಹಾವೀರಾಚಾರ್ಯರ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡ ದೊರೆಯ ಆಶ್ರಯದಲ್ಲಿ ಹುಟ್ಟಿದ ಗಣಿತ ಹೀಗೆ ತೆಲುಗು ನಾಡಿನ ಪಾಠವಾಯಿತು. ಅದು ದಾಟಿದ ಹಾದಿಯನ್ನು ನಮ್ಮ ಮಕ್ಕಳೂ ದಾಟಬಲ್ಲರು.

ಸಹೋದ್ಯೋಗಿಗಳಲ್ಲಿ ನನ್ನದೊಂದೇ ವಿನಂತಿ: ಮಗು ‘107 = 107’ ಎಂದು ಬರೆದು ತಂದಾಗ ಅಡ್ಡಗೀಟು ಎಳೆಯುವ ಮುನ್ನ ಅದರ ಪಕ್ಕದಲ್ಲಿ ಕ್ಷಣಕಾಲ ಕುಳಿತುಕೊಳ್ಳೋಣ.