ಧ್ವನಿಸುರುಳಿಗಳ ಆರೈಕೆ

ಸಂಡೂರಿನ ಕಡೆಗೆ ಹೋಗಿ ಬಂದವರ ಬಟ್ಟೆಗೆ ಕೆಂಪು ಹತ್ತಿಕೊಳ್ಳುತ್ತದೆ. ಹೊಸಪೇಟೆಯ ಗೃಹಿಣಿಯರಿಗೆ ಈ ಕೆಂಪಿನ ಪರಿಚಯ ಚೆನ್ನಾಗಿಯೇ ಇದೆ. ಎಷ್ಟು ಒಗೆದರೂ ಬಿಳಿಯ ಅಂಗಿಯಲ್ಲಿ ಅದರ ನೆರಳು ಉಳಿದೇ ಉಳಿಯುತ್ತದೆ. ರಸಾಯನಶಾಸ್ತ್ರ ಬಲ್ಲವರು ಇದನ್ನು ಹೆಮಟೈಟ್ ಎಂದು ಕರೆಯುತ್ತಾರೆ. ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳು ಕೂಡಿದ ಅದಿರು ಇದು. ಹಳೆಯ ಕಾಲದ ಸುರುಳಿ ಟೇಪ್‌ರೆಕಾರ್ಡರಿನ ಕಂದುಬಣ್ಣದ ಟೇಪಿನ ಮೇಲೆ ಸವರಿರುವ ಪುಡಿಯೂ ಸಾಮಾನ್ಯವಾಗಿ ಇದೇ ಲೆಕ್ಕದ್ದು: ಎರಡು ಕಬ್ಬಿಣ, ಮೂರು ಆಮ್ಲಜನಕ. ಪರಮಾಣುಗಳು ಜೋಡಣೆಗೊಂಡ ರೀತಿ ಮಾತ್ರ ಬೇರೆ. ಬೆಟ್ಟದ ಅದಿರು ಅಯಸ್ಕಾಂತಕ್ಕೆ ಅಷ್ಟಾಗಿ ಒಲಿಯದು. ಟೇಪಿನ ಪುಡಿ ಒಲಿಯುತ್ತದೆ, ಒಲಿದದ್ದನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳುತ್ತದೆ. ಆ ನೆನಪಿನ ಶಕ್ತಿಯೇ ಧ್ವನಿಮುದ್ರಣಕ್ಕೆ ಆಧಾರ.

ಈ ಯಂತ್ರದ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವಿದೆ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ, ನಿವೃತ್ತ ಅಧ್ಯಾಪಕರ ಅಟ್ಟಗಳಲ್ಲಿ, ಸಂಗೀತಗಾರರ ಮನೆಯ ಪೆಟ್ಟಿಗೆಗಳಲ್ಲಿ ಇಂಥ ಸುರುಳಿಗಳು ಇನ್ನೂ ಇವೆ. ಅವುಗಳಲ್ಲಿ ಏನಿದೆಯೆಂದು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವನ್ನು ನುಡಿಸಬಲ್ಲ ಯಂತ್ರಗಳು ಅದಕ್ಕಿಂತಲೂ ಬೇಗ ಕಡಿಮೆಯಾಗುತ್ತಿವೆ.

ಯಂತ್ರದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1898ರಲ್ಲಿ ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ಉಕ್ಕಿನ ತಂತಿಯ ಮೇಲೆ ಶಬ್ದವನ್ನು ಹಿಡಿದು ತೋರಿಸಿದನು. 1928ರಲ್ಲಿ ಜರ್ಮನಿಯ ಫ್ರಿಟ್ಸ್ ಫ್ಲೋಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಹಚ್ಚುವ ಉಪಾಯವನ್ನು ಕಂಡುಕೊಂಡನು. 1935ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಮ್ಯಾಗ್ನೆಟೊಫೋನ್ ಎಂಬ ಯಂತ್ರ ಜನರ ಮುಂದೆ ಬಂದಿತು. ಅದೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು. ಮಾತನ್ನು ದೂರಕ್ಕೆ ಕಳುಹಿಸುವ ವಿದ್ಯೆ ನಮ್ಮ ನಾಡಿಗೆ ಬಂದ ವರ್ಷದಲ್ಲಿಯೇ, ಮಾತನ್ನು ಮುಂದಿನ ಕಾಲಕ್ಕೆ ಕಳುಹಿಸುವ ವಿದ್ಯೆ ಬೇರೊಂದು ನಾಡಿನಲ್ಲಿ ರೂಪುಗೊಂಡಿತು.

ಈ ಎರಡನೆಯ ವಿದ್ಯೆ ನಮ್ಮ ಭಾಗಕ್ಕೆ ಎಷ್ಟು ಬೇಕಾಗಿತ್ತೆಂಬುದನ್ನು ಕಂಪ್ಲಿಯ ಉದಾಹರಣೆಯಿಂದ ತಿಳಿಯಬಹುದು. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದನು. ಓಲೆಗರಿಯಲ್ಲಿ ನಿಂತ ಆ ಕಥೆ ನಮಗೆ ಅಚ್ಚಿನಲ್ಲಿ ದೊರೆಯುತ್ತದೆ. ಅದೇ ಕಥೆ ಓದುಬರಹವಿಲ್ಲದವರ ಕಂಠದಲ್ಲಿಯೂ ತಲೆಮಾರುಗಳಿಂದ ಬದುಕಿ ಬಂದಿತು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು, ಅಂದರೆ ನಾಡೆಲ್ಲ ಬುರ್ರಕಥಾ ಈರಮ್ಮ ಎಂದು ಗುರುತಿಸಿದ ತಾಯಿ, ಹನ್ನೆರಡು ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಕುಮಾರರಾಮನ ಕಥೆ ಅವುಗಳಲ್ಲೊಂದು. ಅಲೆಮಾರಿ ಬುಡ್ಗಜಂಗಮ ಸಮುದಾಯದಲ್ಲಿ ಹುಟ್ಟಿದ ಅವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿಯನ್ನಿತ್ತು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡರು. ಅಚ್ಚಾದ ಪುಸ್ತಕದಲ್ಲಿ ಅವರ ಕಥೆ ಉಳಿದಿದೆ. ಪಲ್ಲವಿಯನ್ನು ಎತ್ತಿಕೊಳ್ಳುವ ಮುನ್ನ ಹಾಡುಗಾರ್ತಿ ಎಳೆದುಕೊಳ್ಳುವ ಉಸಿರು, ಜೊತೆಯವರ ಹೂಂಗುಟ್ಟುವಿಕೆ, ವಾದ್ಯದ ಪೆಟ್ಟು ಚುರುಕಾಗುವ ಸಂದರ್ಭ, ಕೇಳುವವರ ನಗು, ಇವೆಲ್ಲ ಪುಸ್ತಕದ ಹಾಳೆಗೆ ದಕ್ಕುವಂಥವಲ್ಲ.

ಲೇಖನಿ ಹಿಡಿದು ಬರೆದುಕೊಳ್ಳುವವರಿಗೆ ಮತ್ತೊಂದು ಕಷ್ಟವೂ ಇತ್ತು. ಹಾಡುವವರನ್ನು ನಡುನಡುವೆ ನಿಲ್ಲಿಸಿ 'ಇನ್ನೊಮ್ಮೆ ಹೇಳಿ' ಎಂದರೆ ಅವರಿಗೆ ಹಾಡಿನ ಎಳೆ ತಪ್ಪುತ್ತದೆ. ಹೇಳಿ ಬರೆಯಿಸಿದ ಹಾಡಿಗೂ ಹಾಡಿದ ಹಾಡಿಗೂ ಅಜಗಜಾಂತರ. ಟೇಪು ಬಂದ ಮೇಲೆ ಹಾಡುವವರನ್ನು ನಿಲ್ಲಿಸುವ ಅಗತ್ಯ ಬಹುಮಟ್ಟಿಗೆ ತಪ್ಪಿತು. ಬಹುಮಟ್ಟಿಗೆ ಎಂದೆ, ಏಕೆಂದರೆ ಸುರುಳಿಗೂ ಒಂದು ಕೊನೆಯುಂಟು. ಏಳು ಅಂಗುಲದ ಸುರುಳಿಯಲ್ಲಿ ಸಾಮಾನ್ಯ ಟೇಪು 1200 ಅಡಿ ಹಿಡಿಯುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಓಡಿಸಿದರೆ ಅದು 32 ನಿಮಿಷಕ್ಕೆ ಮುಗಿಯುತ್ತದೆ. ಒಂಬತ್ತೂವರೆ ಸೆಂಟಿಮೀಟರಿಗೆ ಇಳಿಸಿದರೆ 64 ನಿಮಿಷ. ವೇಗ ಇಳಿದಷ್ಟೂ ದನಿಯ ಕಾಂತಿ ಕುಂದುತ್ತದೆ. ರಾತ್ರಿಯಿಡೀ ನಡೆಯುವ ಕಥೆಗೆ ಕುಳಿತ ಸಂಗ್ರಾಹಕ ಕಾಂತಿಯನ್ನು ಉಳಿಸಿಕೊಳ್ಳಬೇಕೋ ಕಥೆಯನ್ನು ಉಳಿಸಿಕೊಳ್ಳಬೇಕೋ ಎಂದು ಲೆಕ್ಕ ಹಾಕಬೇಕಾಗಿತ್ತು. ಹಳೆಯ ಸುರುಳಿಗಳಲ್ಲಿ ಯುದ್ಧದ ಭಾಗದಲ್ಲಿಯೇ ಕಥೆ ಕಡಿದುಹೋಗಿದ್ದರೆ ಅದನ್ನು ಹಾಡುಗಾರರ ಮರೆವೆಂದು ತಿಳಿಯಬಾರದು. ಅಲ್ಲಿ ಯಾರೋ ಸುರುಳಿ ಬದಲಿಸುತ್ತಿದ್ದಿರಬಹುದು.

ಇನ್ನು ಆರೈಕೆಯ ಮಾತು. ಹಳೆಯ ಸುರುಳಿ ಕೈಗೆ ಸಿಕ್ಕಿದೊಡನೆ ಅದನ್ನು ಯಂತ್ರಕ್ಕೇರಿಸುವ ಆತುರ ಸಲ್ಲದು. ಮೊದಲು ನೋಡಬೇಕು, ಮೂಸಬೇಕು. ಹುಣಿಸೆಯನ್ನೂ ಉಪ್ಪಿನಕಾಯಿಯನ್ನೂ ಬಲ್ಲ ನಮ್ಮ ಮೂಗಿಗೆ ಹುಳಿವಾಸನೆ ತಿಳಿಯದೆ ಇರದು. ವಿನಿಗರಿನಂಥ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಟೇಪು, ಕೊಳೆಯಲಾರಂಭಿಸಿದೆ ಎಂದರ್ಥ. ಸುರುಳಿಯನ್ನು ಬೆಳಕಿಗೆ ಹಿಡಿದರೆ ಅಸಿಟೇಟಿನ ಪದರಗಳ ಮೂಲಕ ಬೆಳಕು ಹಾಯುತ್ತದೆ. ಆಮೇಲಿನ ಪಾಲಿಯೆಸ್ಟರ್ ಟೇಪಿನಲ್ಲಿ ಹಾಯುವುದಿಲ್ಲ. ಅಸಿಟೇಟ್ ತುಂಡಾದರೆ ನೇರವಾಗಿ ತುಂಡಾಗುತ್ತದೆ, ಅಂಟಿಸಿಕೊಳ್ಳಬಹುದು. ಪಾಲಿಯೆಸ್ಟರ್ ತುಂಡಾಗುವ ಮುನ್ನ ಎಳೆದು ನೀಳವಾಗುತ್ತದೆ; ನೀಳವಾದ ಜಾಗದ ದನಿ ಮತ್ತೆ ಸರಿಹೋಗದು. ಬಿಳಿಯ ಬೂಷ್ಟು ಕಂಡರೆ ಆ ಸುರುಳಿಯನ್ನು ಕೂಡಲೇ ಬೇರೆಯಿಡಬೇಕು. ಇಲ್ಲವಾದರೆ ಬೂಷ್ಟು ಯಂತ್ರಕ್ಕೂ ಮಿಕ್ಕ ಸುರುಳಿಗಳಿಗೂ ಹರಡೀತು.

ಮತ್ತೊಂದು ರೋಗ ಅಂಟಿನದು. 1970ರಿಂದ 1990ರವರೆಗಿನ ಕೆಲವು ತಯಾರಿಕೆಗಳಲ್ಲಿ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಅಂಥ ಟೇಪು ಓಡುವಾಗ ಕಿರುಗುಟ್ಟುತ್ತದೆ, ಹೆಡ್ಡಿನ ಮೇಲೆ ಕಂದುಬಣ್ಣದ ಮಸಿ ಬಿಡುತ್ತದೆ. ಹಾಗಾದೊಡನೆ ಯಂತ್ರವನ್ನು ನಿಲ್ಲಿಸಬೇಕು. ಆ ಮಸಿಯೇ ದನಿ. ಇದಕ್ಕೆ ಚಿಕಿತ್ಸೆಯುಂಟು. ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಹದವಾಗಿ ಕಾಯಿಸಿದರೆ ಕೆಲವು ವಾರ ಟೇಪು ನುಡಿಸುವ ಸ್ಥಿತಿಗೆ ಬರುತ್ತದೆ. ನಮ್ಮ ಬಳ್ಳಾರಿ ಸೀಮೆಯ ಬಿಸಿಲೇ ಸಾಕಲ್ಲ ಎಂದು ಯಾರಾದರೂ ಸುರುಳಿಯನ್ನು ಮಾಳಿಗೆಯ ಮೇಲಿಟ್ಟಾರು, ಅದು ಬೇಡ. ಶಾಖವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸಾಧನ ಬೇಕು, ಬಲ್ಲವರ ಕೈಯೂ ಬೇಕು. ಅಸಿಟೇಟ್ ಟೇಪನ್ನಂತೂ ಎಂದಿಗೂ ಕಾಯಿಸಕೂಡದು.

ಬಹಳ ಕಾಲದಿಂದ ನಿಂತ ಯಂತ್ರಕ್ಕೆ ನೇರವಾಗಿ ವಿದ್ಯುತ್ ಕೊಡುವುದೂ ಅಪಾಯ. ಒಳಗಿನ ಕಂಡೆನ್ಸರುಗಳು ವಯಸ್ಸಾಗಿ ಸೋರುತ್ತವೆ. ಒಮ್ಮೆಲೇ 230 ವೋಲ್ಟ್ ಹಾಯಿಸಿದರೆ ಸುಟ್ಟುಹೋಗಬಹುದು. ಅನುಭವಿಗಳಾದ ರೇಡಿಯೋ ರಿಪೇರಿಯವರು ಮೊದಲು ಒಂದು ಬಲ್ಬನ್ನು ಸೀರೀಸಿನಲ್ಲಿ ಸೇರಿಸಿ ಪರೀಕ್ಷಿಸುತ್ತಾರೆ. ಬಲ್ಬು ಪೂರ್ಣಪ್ರಭೆಯಿಂದ ಉರಿಯುತ್ತಲೇ ಇದ್ದರೆ ಒಳಗೆ ದೋಷವಿದೆಯೆಂದು ತಿಳಿಯುತ್ತದೆ. ರಬ್ಬರ್ ಬೆಲ್ಟುಗಳು ಬೆಲ್ಲದ ಪಾಕದಂತೆ ಕರಗಿ ಗಾಲಿಗಳಿಗೆ ಅಂಟಿರುವುದುಂಟು. ಅದನ್ನೆಲ್ಲ ಒರೆಸಿ ಹೊಸ ಬೆಲ್ಟು ಹಾಕಬೇಕು. ಟೇಪು ಹಾಯುವ ಹೆಡ್ಡುಗಳನ್ನು ಹತ್ತಿಯಿಂದ, ನೀರು ಬೆರೆಯದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸುವುದು ಕ್ರಮ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಗಾಲಿಗೆ ಸೌಮ್ಯವಾದ ಸೋಪಿನ ನೀರು ಮೇಲು. ಅದಿರುಲಾರಿಗಳು ಓಡಾಡುವ ದಾರಿಯ ಬದಿಯ ಮನೆಗಳಲ್ಲಂತೂ ಯಂತ್ರಕ್ಕೆ ಸದಾ ಹೊದಿಕೆ ಬೇಕು. ಹೆಡ್ಡಿನ ಮೇಲೆ ಕುಳಿತ ಕಲ್ಲಿನ ಧೂಳು ಟೇಪನ್ನು ಗೀರುತ್ತದೆ.

ಯಂತ್ರದ ಕಾಯಿಲೆಗಳನ್ನು ಕಿವಿಯಿಂದಲೇ ಗುರುತಿಸಬಹುದು. ದನಿ ಕಂಬಳಿಯ ಹಿಂದಿನಿಂದ ಬಂದಂತೆ ಮಬ್ಬಾಗಿದ್ದರೆ ಹೆಡ್ಡು ಕೊಳೆಯಾಗಿದೆ, ಇಲ್ಲವೆ ವಾಲಿದೆ. ದನಿ ಅಲೆಯಲೆಯಾಗಿ ನಡುಗಿದರೆ ರಬ್ಬರ್ ಗಾಲಿ ಗಟ್ಟಿಯಾಗಿದೆ. ಹಾಡಿನ ಹಿಂದೆ ಯಾರೋ ತಿರುಗುಮುರುಗಾಗಿ ಮಾತನಾಡುವಂತೆ ಕೇಳಿದರೆ ಭೂತಪ್ರೇತಗಳ ಭಯ ಬೇಡ. ಟೇಪಿನ ಅಗಲದಲ್ಲಿ ಎರಡು ದಿಕ್ಕಿಗೆ ಎರಡು ಮುದ್ರಣಗಳಿವೆ, ಈ ಯಂತ್ರದ ಹೆಡ್ಡು ಎರಡನ್ನೂ ಒಟ್ಟಿಗೆ ಓದುತ್ತಿದೆ. ಹಾಡು ಶುರುವಾಗುವ ಮೊದಲೇ ಅದರ ಕ್ಷೀಣವಾದ ಪ್ರತಿಧ್ವನಿ ಕೇಳಿದರೆ, ಪಕ್ಕದ ಪದರದ ದನಿ ವರ್ಷಗಳ ಕಾಲ ಒತ್ತಿಕೊಂಡಿದ್ದು ಇತ್ತ ಇಳಿದಿದೆ. ಇದನ್ನು ತಗ್ಗಿಸಲು ಟೇಪನ್ನು ಕೊನೆ ಹೊರಗಿರುವಂತೆ ಸುತ್ತಿಡುವ ರೂಢಿಯಿದೆ. ಆಗ ಪ್ರತಿಧ್ವನಿ ಹಾಡಿನ ಹಿಂದೆ ಬಿದ್ದು ಹಾಡಿನಲ್ಲಿಯೇ ಬಹುಪಾಲು ಮರೆಯಾಗುತ್ತದೆ.

ವೇಗದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅಮೆರಿಕದಿಂದ ಬಂದ ಅನೇಕ ಯಂತ್ರಗಳ ಮೋಟಾರು 60 ಆವರ್ತದ ವಿದ್ಯುತ್ತಿಗೆ ತಕ್ಕದ್ದು, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸೀತೇ ಹೊರತು ಆವರ್ತವನ್ನು ಬದಲಿಸದು. ಅಂಥ ಯಂತ್ರ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಸಂಗೀತ ಬಲ್ಲವರ ಭಾಷೆಯಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರ ಷಡ್ಜಕ್ಕೆ ಕುಸಿಯುತ್ತದೆ, ಹಾಡುಗಾರ್ತಿ ಹಾಡುಗಾರನಾಗಿಬಿಡುತ್ತಾಳೆ. ಹಳ್ಳಿಯಲ್ಲಿ ಬ್ಯಾಟರಿಯಿಂದ ಮುದ್ರಿಸಿಕೊಂಡ ಸುರುಳಿಗಳ ಕಥೆ ಇದಕ್ಕೆ ವಿರುದ್ಧ. ಬ್ಯಾಟರಿ ಸೊರಗಿದಂತೆ ಸಾಧಾರಣ ಯಂತ್ರಗಳಲ್ಲಿ ಟೇಪು ನಿಧಾನವಾಗಿ ಓಡುತ್ತದೆ. ಮುಂದೆ ಸರಿಯಾದ ವೇಗದಲ್ಲಿ ನುಡಿಸಿದಾಗ ಹಾಡು ಏರುತ್ತಾ, ಚುರುಕಾಗುತ್ತಾ ಹೋಗುತ್ತದೆ. ಅದನ್ನು ಕೇಳಿದ ಸಂಶೋಧಕರು 'ಕಥಾನಾಯಕನ ಮರಣ ಸಮೀಪಿಸಿದಂತೆ ಗಾಯಕರ ಆವೇಶ ಹೆಚ್ಚುತ್ತದೆ' ಎಂದು ಬರೆಯುವ ಮುನ್ನ ಬ್ಯಾಟರಿಯ ಮರಣವನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಯಂತ್ರದ ಕೆಂಪು ಗುಂಡಿಯದು. 1963ರಲ್ಲಿ ಬಂದ ಕ್ಯಾಸೆಟ್ಟಿಗೆ ಹಿಂಬದಿಯಲ್ಲೊಂದು ಚಿಕ್ಕ ಎಸಳಿರುತ್ತದೆ. ಅದನ್ನು ಮುರಿದುಬಿಟ್ಟರೆ ಮೇಲೆ ಮತ್ತೆ ಮುದ್ರಿಸಲು ಸುಲಭವಾಗಿ ಬಾರದು. ಬಿಡಿಸುರುಳಿಗೆ ಆ ರಕ್ಷೆ ಇಲ್ಲ. ನಾನು ಕಂಡ ಒಂದು ಸಂಸ್ಥೆಯಲ್ಲಿ ಜನಪದ ಗಾಯಕರೊಬ್ಬರ ಸುರುಳಿಯ ಮೇಲೆ ವಾರ್ಷಿಕೋತ್ಸವದ ಸ್ವಾಗತ ಭಾಷಣವನ್ನು ಮುದ್ರಿಸಿಬಿಟ್ಟಿದ್ದರು. ಹೊಸ ಟೇಪಿಗೆ ಹಣವಿರಲಿಲ್ಲವೆಂಬುದು ಅವರ ಸಮಾಧಾನ. ಅತಿಥಿಗಳಿಗೆ ಹಾರ ಹಾಕಿ, ವಂದನಾರ್ಪಣೆ ಮುಗಿದು, ಚಪ್ಪಾಳೆ ಅಡಗಿದ ಬಳಿಕ ಸುರುಳಿಯ ಕೊನೆಯಲ್ಲಿ ಎರಡು ನಿಮಿಷದ ಹಾಡು ಉಳಿದಿತ್ತು. ಯಾವ ಕಥೆಯ ಕೊನೆಯೆಂದು ಅಲ್ಲಿದ್ದವರಾರಿಗೂ ತಿಳಿಯಲಿಲ್ಲ. ಗಾಯಕರು ಅಷ್ಟರಲ್ಲಿ ಗತಿಸಿದ್ದರು. ಆದಕಾರಣ ಹಳೆಯ ಸುರುಳಿಗಳನ್ನು ನುಡಿಸುವ ಯಂತ್ರದಲ್ಲಿ ಮುದ್ರಿಸುವ ಮತ್ತು ಅಳಿಸುವ ಸಂಪರ್ಕಗಳನ್ನು ತಂತ್ರಜ್ಞರಿಂದ ಕಳಚಿಸಿಬಿಡುವುದು ವಿವೇಕ.

ಯುನೆಸ್ಕೊ ಸಂಸ್ಥೆಯೂ ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಗಾರಗಳ ಸಂಘವೂ 2019ರಲ್ಲಿ ಕೂಡಿ ಒಂದು ಎಚ್ಚರಿಕೆಯನ್ನು ಕೊಟ್ಟವು. 2025ರ ಹೊತ್ತಿಗೆ ಯಂತ್ರ, ಬಿಡಿಭಾಗ, ಬಲ್ಲವರು ಮೂರೂ ದುರ್ಲಭವಾಗಿ ಟೇಪುಗಳನ್ನು ನುಡಿಸುವುದೇ ಕಷ್ಟವಾದೀತು ಎಂಬುದು ಅದರ ಸಾರ. ಆದುದರಿಂದ ಸುರುಳಿಯ ದನಿಯನ್ನು ಅಂಕೀಯ ರೂಪಕ್ಕೆ ಇಳಿಸಿಕೊಳ್ಳುವ ಕೆಲಸವನ್ನು ಮುಂದೂಡಬಾರದು. ದುರ್ಬಲವಾದ ಸುರುಳಿ ಒಮ್ಮೆ ಮಾತ್ರ ನುಡಿಯಬಹುದು. ಆ ಒಮ್ಮೆಗೆ ತಕ್ಕ ಸಿದ್ಧತೆ ಇರಬೇಕು. ಇಳಿಸಿಕೊಳ್ಳುವಾಗ ಕರಕರ ಸದ್ದನ್ನು ತೆಗೆದು ದನಿಯನ್ನು ಸಿಂಗರಿಸಬಾರದು. ನಾಯಿಯ ಬೊಗಳು, ಮಗುವಿನ ಅಳು, ದೂರದ ರೈಲಿನ ಕೂಗು ಮೂಲಪ್ರತಿಯಲ್ಲಿ ಹಾಗೆಯೇ ಇರಲಿ. ಇಳಿಸಿಕೊಂಡಾಯಿತೆಂದು ಸುರುಳಿಯನ್ನು ಎಸೆಯಲೂ ಬಾರದು. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಪಡುವಣ ಬಿಸಿಲು ಕಾಯಿಸುವ ಗೋಡೆಯಿಂದ ದೂರ, ಧ್ವನಿವರ್ಧಕದ ಅಯಸ್ಕಾಂತದಿಂದಲೂ ದೂರ ಇಡಬೇಕು.

ಕಡೆಯದಾಗಿ ಒಂದು ಧರ್ಮದ ಮಾತು. ಸುರುಳಿ ಕೊಂಡವರದ್ದಾದರೂ ದನಿ ಹಾಡಿದವರದು. ಎಷ್ಟೋ ಗಾಯಕರ ಮಕ್ಕಳು ತಾಯಿಯ ಹಾಡನ್ನು ಮತ್ತೆ ಕೇಳಿಯೇ ಇಲ್ಲ. ಆ ಹಾಡು ಯಾವುದೋ ಕಪಾಟಿನಲ್ಲಿದೆ. ಇಳಿಸಿಕೊಂಡ ದನಿಯ ಒಂದು ಪ್ರತಿ ಅವರ ಮನೆಗೆ ತಲುಪಬೇಕು. ಅದರಿಂದ ನಮಗೂ ಲಾಭವುಂಟು. ಸುರುಳಿಯ ಡಬ್ಬಿಯ ಮೇಲೆ ಪೆನ್ಸಿಲಿನ ಬರಹ ಮಾಸಿದ್ದರೂ, 'ಇದು ನಮ್ಮ ಅತ್ತೆಯ ದನಿ, ಜೊತೆಗೆ ಹೂಂ ಅನ್ನುವವಳು ಅವಳ ತಂಗಿ' ಎಂದು ಹೇಳಬಲ್ಲವರು ಆ ಮನೆಯಲ್ಲಿಯೇ ಇದ್ದಾರು. ಹಾಡಿದವರ ಹೆಸರು, ಊರು, ವರ್ಷ, ಕಥೆ, ಟೇಪಿನ ವೇಗ, ಇಷ್ಟನ್ನು ಅವರಿಂದ ಕೇಳಿ ಇವತ್ತೇ ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಡಬಹುದು. ಇದಕ್ಕೆ ಯಂತ್ರ ಬೇಡ, ವಿದ್ಯುತ್ತೂ ಬೇಡ. ಕೇಳುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ.